ವೈನಿಯ ಭಾವಿಯಲ್ಲಿ ಕಲ್ಲಾದ ಹುಳ

ನಂಬಬೇಡಿ. ಪೂರ್ತಿ ಓದಿ, ಆಮೇಲೂ ನಂಬದೆ ಇದ್ದು ತೋರಿಸಿ. ಈ ಬೇಸಿಗೆಯಲ್ಲಿ ನಾನು ಒಂದೇ ಒಂದು ಅಕ್ಷರ ನುಂಗಿ ಒಂದು ಭಾವಿಯನ್ನು ಉಳಿಸಿದೆ.

ಭಾವಿ ನಮ್ಮ ಅಣ್ಣನ ಹೆಂಡತಿ ಗುರುಬಸಮ್ಮ ವೈನಿಯದು, ಬಶೀರಾಬಾದ್ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ. ಅವಳು ಪಕ್ಕದ ಮನೆಯ ಭಾವಿಗೆ ನೀರಿಗೆ ಹೋದಾಗ ಆ ಮನೆಯಾಕೆ ಹಂಗಿಸಿದ್ದಳು, ಹಗ್ಗವೂ ನಮ್ಮದು, ನೀರೂ ನಮ್ಮದು, ಜಂಬ ಮಾತ್ರ ನಿಮ್ಮದು ಅಂತ. ವೈನಿ ಖಾಲಿ ಕೊಡ ಹೊತ್ತು ವಾಪಸು ಬಂದಳು. ಅಂದಿನಿಂದ ಮೈಲಿ ದೂರದ ಹಳ್ಳದ ನೀರು. ಸ್ವಂತ ಭಾವಿ ಆಗುವವರೆಗೆ ಆ ಹಗ್ಗ ಮುಟ್ಟುವುದಿಲ್ಲ ಎಂದಳು. (ಅವಳು ಎಂದಮೇಲೆ ಮುಗಿಯಿತು. ನಮ್ಮಣ್ಣ ವಾದ ಮಾಡುವುದನ್ನು ಬಿಟ್ಟು ವರ್ಷಗಳಾದವು.)

ತೋಡಲು ಬಂದವನು ಯಲ್ಲಯ್ಯ. ಕನ್ನಡ, ತೆಲುಗು, ಉರ್ದು, ಮೂರೂ ಅರ್ಧರ್ಧ ಬಲ್ಲವನು. ನಾಲ್ಕಾಳು ಆಳಕ್ಕೆ ಇಳಿದಾಗ ಬಿಳಿ ಕಲ್ಲಿನ ಪದರ ಸಿಕ್ಕಿತು. ಅದರ ತುಂಬ ಶಂಖದ ಹುಳ. ಸುರುಳಿ ಸಮೇತ, ಎಲ್ಲ ಕಲ್ಲು! ಯಲ್ಲಯ್ಯ ಹಾರೆ ಕೆಳಗಿಟ್ಟ.

“ಹುಳಾನೇ ಕಲ್ಲಾಗ್ಯಾದ. ನೀರೂ ಕಲ್ಲಾಗಿರ್ತಾವ್ರಿ. ನಾಳಿ ಮುಂಜಾನಿ ನಾವು ಹೋಗ್ತೀವಿ.”

“ಮತ್ತ ಹುಳ ಏನ್ ಕುಡ್ದು ಬದುಕಿತ್ತು?” ಅಂದಳು ವೈನಿ.

ಇಬ್ಬರ ತರ್ಕವೂ ಗಟ್ಟಿ. ತೀರ್ಪು ಕೊಡುವವರು ಯಾರು?

ತಾಂಡೂರಿನ ಫರಸಿ ಹಾಸುಗಲ್ಲಿನ ಖಣಿ ನೋಡಲು ಹೈದರಾಬಾದಿನಿಂದ ಕಲ್ಲಿನ ಪ್ರೊಫೆಸರ್ ಒಬ್ಬರು ಬಂದಿದ್ದರು. ಚಹಾದ ಹೋಟೆಲಿನಲ್ಲಿ ಅವರ ಬಸಿಯೊಳಗೆ ಮೆಲ್ಲಗೆ ಒಂದು ಕಲ್ಲುಹುಳ ಇಟ್ಟೆ. ಚಹಾ ಬಿಟ್ಟು ಜೀಪು ಹತ್ತಿದರು, ನೇರ ನಮ್ಮ ಹಿತ್ತಲಿಗೆ. (ನನ್ನಂಥವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ.)

ನಮ್ಮ ಕರಿಕಲ್ಲು ಒಂದು ಕಾಲದಲ್ಲಿ ಹರಿದ ಬೆಂಕಿ ಎಂದು ಕೇಳಿದ್ದೆ. ಎಲ್ಲ ಒಮ್ಮೆಲೇ ಸುಟ್ಟು ಹೋಯಿತು, ಕಥೆ ಮುಗಿಯಿತು ಎಂದುಕೊಂಡಿದ್ದೆ. ಅಲ್ಲವಂತೆ. ಒಂದು ಬೆಂಕಿ ಹರಿದು ತಣ್ಣಗಾಯಿತು. ತಗ್ಗಿನಲ್ಲಿ ಮಳೆ ನಿಂತು ಕೆರೆಯಾಯಿತು. ಹುಳ ಬಂದವು, ಸಂಸಾರ ಹೂಡಿದವು. ಮೇಲೆ ಮತ್ತೊಂದು ಬೆಂಕಿ ಹರಿಯಿತು. ಎರಡು ಬೆಂಕಿಗಳ ನಡುವೆ ಇಷ್ಟೊಂದು ಬದುಕು! ಇಂಥದ್ದು ಸಿಕ್ಕಾಗಲೆಲ್ಲ ನಮ್ಮ ಪುಸ್ತಕ ತಿದ್ದಬೇಕಾಗುತ್ತದೆ ಎಂದರು ಪ್ರೊಫೆಸರ್.

ಗಡಿ ಎಳೆದು ನಮ್ಮನ್ನು ಆಂಧ್ರಕ್ಕೆ ಸೇರಿಸಿದಾಗ ಇಲ್ಲಿಯ ಮೂಲದವರು ಯಾರೆಂದು ಓಣಿಯಲ್ಲಿ ಎಷ್ಟು ಜಗಳ! ಉತ್ತರ ಈಗ ನನ್ನ ಜೇಬಿನಲ್ಲಿದೆ. ಹೆಬ್ಬೆರಳಿನ ಉಗುರಿನಷ್ಟು. ಅದಕ್ಕೆ ಯಾವ ಭಾಷೆಯೂ ಬರುವುದಿಲ್ಲ.

ವೈನಿ ಕೇಳಿದ್ದು ಒಂದೇ, ನೀರು ಬರುತ್ತದೋ ಇಲ್ಲವೋ. ಹಳೆಯ ಕೆರೆಗೂ ಇಂದಿನ ನೀರಿಗೂ ಸಂಬಂಧ ಹೇಳಲಾಗದು ಎಂದು ಪ್ರೊಫೆಸರ್ ತಲೆಯಾಡಿಸಿದರು. “ಇಧರ್ ಪಾನಿ ಥಾ,” ಅಂದರು, “ಹಮಾರೇ ಹಿಸಾಬ್ ಸೇ ಕಲ್ ಕೀ ಬಾತ್ ಹೈ.”

ಇಲ್ಲಿ ನೀರಿತ್ತು, ನಮ್ಮ ಲೆಕ್ಕದಲ್ಲಿ ಅದು ನಿನ್ನೆಯ ಮಾತು ಅಂತ. ಆದರೆ ಉರ್ದುವಿನಲ್ಲಿ ನಿನ್ನೆಯೂ ಕಲ್, ನಾಳೆಯೂ ಕಲ್. ಬಿಡುತ್ತೇನೆಯೇ ನಾನು?

ಯಲ್ಲಯ್ಯ ಕೆಳಗೆ ಹಾರೆ, ಬುಟ್ಟಿ ಕಟ್ಟುತ್ತಿದ್ದ. ಭಾವಿಗೆ ಬಗ್ಗಿ ಕೂಗಿದೆ, “ಯಲ್ಲಯ್ಯಾ, ಪಾನಿ ಕಲ್ ಕೀ ಬಾತ್ ಅಂತ, ಸಾಹೇಬ್ರು ಹೇಳ್ಯಾರ.” (‘ಇತ್ತು’ ಎನ್ನುವ ಆ ‘ಥಾ’ ಗಂಟಲಲ್ಲೇ ಉಳಿಯಿತು. ವಯಸ್ಸಾಯಿತಲ್ಲ.)

“ನಾಳೀನೇ? ಖರೇನಾ?” ಎಂದ ಕೆಳಗಿನಿಂದ. ನಾನು ಕೆಮ್ಮಿದೆ.

ವೈನಿಗೆ ಉರ್ದು ನನಗಿಂತ ಚೆನ್ನಾಗಿ ಬರುತ್ತದೆ. ಒಂದು ಗಳಿಗೆ ನನ್ನನ್ನೇ ನೋಡಿದಳು. ಸೆರಗು ಬಿಗಿದು ಮಣ್ಣಿನ ಬುಟ್ಟಿಯ ಹಗ್ಗವನ್ನು ತಾನೇ ಹಿಡಿದಳು. “ಸಾಹೇಬ್ರು ಹೇಳಿದ್ ಕೇಳ್ಸಿಲ್ಲೇನು? ತೋಡು.”

ಮಾರನೇ ದಿನ ಹುಳದ ಪದರದ ಕೆಳಗಿನಿಂದ ನೀರು ಬಂತು. ಮೊದಲ ಕೊಡ ಪಕ್ಕದ ಮನೆಗೆ ಹೋಯಿತು, ಹೊಸ ಹಗ್ಗದ ಸಮೇತ.

ಹುಳ ನಿಜ, ಜೀಪು ನಿಜ, ನುಂಗಿದ ಅಕ್ಷರವೂ ನಿಜ. ಸುಳ್ಳು ಒಂದೇ, ಆ ‘ಮಾರನೇ ದಿನ’. ನೀರು ಬಂದದ್ದು ಹತ್ತೊಂಬತ್ತನೇ ದಿನ. ಅಲ್ಲಿಯವರೆಗೆ ದಿನಾ ಮುಂಜಾನೆ ಯಲ್ಲಯ್ಯ ಕಲ್ ಯಾವಾಗ್ರಿ ಎಂದು ಕೇಳುತ್ತಿದ್ದ, ದಿನಾ ವೈನಿ ಹಗ್ಗ ಹಿಡಿದು “ನಾಳಿ” ಎನ್ನುತ್ತಿದ್ದಳು.