ಶನಿವಾರದ ಕಲ್ಲಿದ್ದಲು

ವಿಚ್ಛೇದನವಾದ ವರ್ಷ ನಾನು ಸರಟೋಗಾದ ಗುಡ್ಡದ ಮೇಲೆ ಒಂದು ಮನೆ ಹಿಡಿದೆ. ಮನೆ ಎಂದರೆ ಹೆಚ್ಚಾಯಿತು. ದೊಡ್ಡ ಬಂಗಲೆಯೊಂದರ ಹಿತ್ತಲಲ್ಲಿ, ಹಿಂದೆ ಯಾವನೋ ತೋಟದ ಆಳು ಇದ್ದು ಹೋದ ಎರಡು ಕೋಣೆ. ಅದು ಡಾಟ್‌ಕಾಮ್ ಕಾಲ. ಬೆಳಗಾದರೆ ಹೊಸ ಕಂಪನಿ, ಅದರ ಹಿಂದೆಯೇ ಏರಿದ ಬಾಡಿಗೆ. ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕದ ಅಪಾರ್ಟ್‌ಮೆಂಟು ಮಗಳಿಗೂ ಅವಳ ತಾಯಿಗೂ ಉಳಿಯಿತು. ನನ್ನ ಪಾಲಿಗೆ ಇದು. ಅಗ್ಗಕ್ಕೆ ಸಿಕ್ಕಿದ್ದೇಕೆಂದರೆ ಮನೆಗೆ ಹೀಟರ್ ಇರಲಿಲ್ಲ. ಮೂಲೆಯಲ್ಲಿ ಒಂದು ಕಬ್ಬಿಣದ ಒಲೆ ಮಾತ್ರ ಇತ್ತು, ಅದರ ಹೊಗೆ ಕೊಳವೆ ಛಾವಣಿ ತೂರಿ ಮೇಲಕ್ಕೆ ಹೋಗಿತ್ತು. ಬಂಗಲೆಯ ಒಡತಿ ಗಂಡನನ್ನು ಕಳೆದುಕೊಂಡ ಅಜ್ಜಿ. ಗಂಡ ದೂರದ ಗಣಿ ಊರಿನವನೆಂದೂ, ಅಲ್ಲಿಂದ ಈ ಒಲೆ ಹೊತ್ತು ತಂದನೆಂದೂ, ಇದಕ್ಕೆ ಕಲ್ಲಿದ್ದಲೇ ಆಗಬೇಕೆಂದೂ ಹೇಳಿದಳು. ಸೆಪ್ಟೆಂಬರಿನ ಬಿಸಿಲಲ್ಲಿ ನಿಂತಿದ್ದ ನಾನು, ಕ್ಯಾಲಿಫೋರ್ನಿಯಾದಲ್ಲಿ ಅದೆಂಥ ಚಳಿ ಎಂದುಕೊಂಡು ಸಹಿ ಹಾಕಿದೆ.

ನವೆಂಬರಿನಲ್ಲಿ ಗೊತ್ತಾಯಿತು ಎಂಥ ಚಳಿ ಎಂದು. ಗುಡ್ಡದ ಆಚೆಯಿಂದ ಮಂಜು ಇಳಿದರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ರೆಡ್‌ವುಡ್ ಸಿಟಿಯ ಆಫೀಸಿನಿಂದ ಸಂಜೆ ಬಂದು ಬೀಗ ತೆಗೆದರೆ ಹೊರಗಿಗಿಂತ ಒಳಗೇ ಹೆಚ್ಚು ಕೊರೆಯುತ್ತಿತ್ತು. ಸ್ವೆಟರ್ ಮೇಲೆ ಸ್ವೆಟರ್, ತಲೆಗೆ ಮಂಕಿ ಟೋಪಿ ಹಾಕಿಕೊಂಡು ಅನ್ನ ಸಾರು ತಿನ್ನುತ್ತಿದ್ದೆ. ನನ್ನ ಚಳಿಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ಮಗಳದು.

ಅವಳಿಗೆ ಆಗ ಎಂಟು ವರ್ಷ. ಪ್ರತಿ ಶನಿವಾರ ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತಿದ್ದಳು. ರಾತ್ರಿ ಉಳಿಯಲಿ, ಭಾನುವಾರ ಎದ್ದು ನನ್ನ ಕೈ ದೋಸೆ ತಿಂದು ಹೋಗಲಿ ಎಂದು ನನ್ನ ಆಸೆ. ಇಷ್ಟೇ ಆಸೆ, ಬೇರೆ ಏನೂ ಇಲ್ಲ. ಒಂದು ಶನಿವಾರ ಅವಳ ತಾಯಿ ಮೊದಲ ಸಲ ಒಳಗೆ ಬಂದು ನಿಂತಳು. ಮಾತಾಡಲು ಬಾಯಿ ತೆಗೆದರೆ ಉಸಿರು ಹೊಗೆಯಾಡಿತು. ಮದುವೆ ಮುರಿದ ಮೇಲೂ ಅವಳು ನನಗೆ ನೀವು ಎನ್ನುತ್ತಿದ್ದಳು. 'ರೀ' ಮಾತ್ರ ಬಿಟ್ಟುಹೋಗಿತ್ತು.

"ಈ ಚಳೀಲಿ ಮಗುನ ರಾತ್ರಿ ಬಿಡೋಕಾಗಲ್ಲ. ಮನೆ ಬೆಚ್ಚಗೆ ಮಾಡಿ, ಕಳಿಸ್ತೀನಿ. ನಾನೇನು ಬೇಡ ಅನ್ನೋಳಲ್ಲ," ಎಂದಳು.

ಜಗಳಕ್ಕೆ ಜಾಗವೇ ಇಲ್ಲದ ಮಾತು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಆದರೂ ಅವತ್ತು ಬಾಯಿ ಮುಚ್ಚಿಕೊಂಡಿದ್ದೆ, ಯಾಕೆಂದರೆ ಅವಳು ಹೇಳಿದ್ದು ನಿಜ.

ಗುಡ್ಡ ಇಳಿದು ಅರ್ಧ ಗಂಟೆ ಹೋದರೆ ಒಂದು ಮೇವಿನ ಅಂಗಡಿ ಇತ್ತು. ಕುದುರೆಗೆ ಹುಲ್ಲು, ಕೋಳಿಗೆ ಕಾಳು, ಅವುಗಳ ಜೊತೆ ಹಿಂದಿನ ಕೊಟ್ಟಿಗೆಯಲ್ಲಿ ಕಲ್ಲಿದ್ದಲು. ಅಂಗಡಿಯವನು ಮೂರು ತರ ಇಟ್ಟಿದ್ದ. ಒಂದು, ದೂರದಿಂದ ಬಂದ ಗಟ್ಟಿ ಕಲ್ಲಿದ್ದಲು, ದಪ್ಪ ಕಾಗದದ ಚೀಲದಲ್ಲಿ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಎರಡನೆಯದು ಕುದುರೆಗೆ ಲಾಳ ಕಟ್ಟುವವರು ಕುಲುಮೆಗೆ ಒಯ್ಯುವ ಮೆತ್ತನೆಯದು. ಮೂರನೆಯದು ಇವೆರಡರ ಚೀಲ ಹರಿದು ಸೋರಿದ ಪುಡಿ. ಅದನ್ನು ಮೂಲೆಗೆ ಗುಡಿಸಿ ಮೂಟೆ ಕಟ್ಟಿಟ್ಟಿದ್ದ, ಒಯ್ದರೆ ಸಾಕು ಎನ್ನುವ ಬೆಲೆಗೆ. ಅಂಗಡಿಯ ಮುದುಕ ನನ್ನ ಒಲೆ ಎಂಥದೆಂದು ಕೇಳಿ, ಗಟ್ಟಿಯದನ್ನೇ ಒಯ್ಯಿ, ಕೊನೆಗೆ ಅದೇ ಅಗ್ಗ ಬೀಳುತ್ತದೆ ಎಂದ.

ವ್ಯಾಪಾರದವನು ದುಬಾರಿ ಸಾಮಾನನ್ನಲ್ಲದೆ ಮತ್ತೇನನ್ನು ಹೊಗಳುತ್ತಾನೆ ಎಂದುಕೊಂಡೆ. ಅಲ್ಲದೆ ನಾನು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ನಮ್ಮಪ್ಪ ಉಗಿ ಇಂಜಿನ್ನಿನಲ್ಲಿ ಫೈರ್‌ಮನ್, ಮೂವತ್ತು ವರ್ಷ ಸಲಿಕೆಯಲ್ಲಿ ಇದ್ದಲು ತೋಡಿ ಬೆಂಕಿಗೆ ಎಸೆದವನು. ಇವನು ನನಗೆ ಇದ್ದಲು ಹೇಳಿಕೊಡುತ್ತಾನಂತೆ. ಆ ಗಟ್ಟಿ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಗಾಜು ಹೊಳೆದಂತೆ ಹೊಳೆಯಿತು, ಉಜ್ಜಿದರೆ ಬೆರಳಿಗೆ ಮಸಿಯೇ ಹತ್ತಲಿಲ್ಲ. ಅಪ್ಪ ಮನೆಗೆ ಬಂದರೆ ಕಿವಿಯೊಳಗೂ ಮಸಿ ಇರುತ್ತಿತ್ತು. ಕೈಗೆ ಹತ್ತದ್ದು ಎಂಥ ಇದ್ದಲು, ಬರೀ ಕಲ್ಲು, ಮೋಸ ಎಂದು ತೀರ್ಮಾನಿಸಿಬಿಟ್ಟೆ. ಪುಡಿಯ ನಾಲ್ಕು ಮೂಟೆ ಕಾರಿನ ಡಿಕ್ಕಿಗೆ ಹಾಕಿಸಿದೆ. ಮುದುಕ ಒಂದು ಸಲ ಬೇಡ ಎಂದ, ಎರಡನೇ ಸಲ ಹೇಳಲಿಲ್ಲ.

ಪುಡಿಯನ್ನು ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಕ್ವಾರ್ಟರ್ಸಿನ ಹೆಂಗಸರೆಲ್ಲ ಮಾಡುತ್ತಿದ್ದದ್ದೇ. ಇದ್ದಲ ಪುಡಿಗೆ ಸಗಣಿ, ಕೆಮ್ಮಣ್ಣು ಕಲಸಿ, ಉಂಡೆ ಕಟ್ಟಿ, ಬಿಸಿಲಲ್ಲಿ ಒಣಗಿಸಿದರೆ ವಾರಗಟ್ಟಲೆ ಒಲೆ ಉರಿಯುತ್ತಿತ್ತು. ಗಟ್ಟಿ ಇದ್ದಲು ಕೊಳ್ಳುವವರನ್ನು ಕಂಡರೆ ನಮ್ಮಮ್ಮ ನಗುತ್ತಿದ್ದಳು. ಸರಟೋಗಾದಲ್ಲಿ ಹಸುವಿನ ಸಗಣಿ ಎಲ್ಲಿಂದ ತರಲಿ? ರಸ್ತೆಯ ಕೆಳಗೆ ಶ್ರೀಮಂತರ ಕುದುರೆ ಲಾಯ ಇತ್ತು. ಹೋಗಿ ಲದ್ದಿ ಕೇಳಿದೆ. ಅಲ್ಲಿದ್ದ ಹೆಂಗಸು ಗುಲಾಬಿ ಗಿಡಕ್ಕೋ ಎಂದಳು. ಹೌದು ಎಂದೆ.

ಭಾನುವಾರ ಇಡೀ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಉಂಡೆ ಕಟ್ಟಿದೆ. ಮೊಣಕೈವರೆಗೆ ಕಪ್ಪು. ಆ ಇಡೀ ವರ್ಷದಲ್ಲಿ ನಾನು ಸಂತೋಷವಾಗಿದ್ದ ದಿನ ಅದೊಂದೇ ಇರಬೇಕು. ಆಫೀಸಿನಲ್ಲಿ ಜನ ಊಟದ ಹೊತ್ತಿಗೆ ಶೇರಿನ ಮಾತು, ಹೊಸ ಮನೆಯ ಮಾತು ಆಡುತ್ತಿದ್ದರೆ ನನ್ನ ತಲೆಯಲ್ಲಿ ಉಂಡೆಗಳೇ. ನಾಲ್ಕು ದಿನ ನೋಡಿದೆ, ಐದು ದಿನ ನೋಡಿದೆ. ಮಂಜಿನಲ್ಲಿ ಉಂಡೆ ಒಣಗುವುದಿರಲಿ, ಇನ್ನಷ್ಟು ನೆನೆದು ಕೂತವು. ಶನಿವಾರ ಹತ್ತಿರ ಬಂತು. ಬುದ್ಧಿಯಿಲ್ಲದವನು, ಶುಕ್ರವಾರ ಸಂಜೆ ಅವನ್ನೆಲ್ಲ ತಟ್ಟೆಗೆ ಜೋಡಿಸಿ ಅಡುಗೆ ಮನೆಯ ಓವನ್‌ನಲ್ಲಿ ಇಟ್ಟುಬಿಟ್ಟೆ.

ಹತ್ತೇ ನಿಮಿಷದಲ್ಲಿ ಒಡತಿ ಅಜ್ಜಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಿಗೆ ಬಂದಳು. ಏನು ಬೇಯಿಸುತ್ತಿದ್ದೀಯ ಎಂದು ಕೇಳಿದಳು. ನಮ್ಮ ಕಡೆಯ ಒಂದು ತಿಂಡಿ ಎಂದೆ. ಪಾಪ, ಆ ಮುದುಕಿ ಅದನ್ನು ನಂಬಿ ಹೋದಳು. ಆಮೇಲೆ ಎಷ್ಟು ವರ್ಷ ಕಳೆದರೂ ನಮ್ಮ ಕಡೆಯ ತಿಂಡಿಯ ಮಾನ ಕಳೆದದ್ದಕ್ಕೆ ನನಗೆ ನಾಚಿಕೆ ಹೋಗಿಲ್ಲ.

ಶನಿವಾರ ಬೆಳಿಗ್ಗೆ ಒಲೆಗೆ ಉಂಡೆ ತುಂಬಿ ಹಚ್ಚಿದೆ. ಒಂದು ಮಾತು ನಾನು ಮರೆತಿದ್ದೆ. ನಮ್ಮ ಅರಸೀಕೆರೆಯ ಒಲೆಯನ್ನು ಅಮ್ಮ ಹಚ್ಚುತ್ತಿದ್ದದ್ದು ಹಿತ್ತಲಲ್ಲಿ. ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಒಳಗೆ ತರುತ್ತಿದ್ದಳು. ಈ ಒಲೆ ಅಲ್ಲಾಡುವ ಒಲೆಯಲ್ಲ. ಉಂಡೆಗಳು ಪುಡಿಯಾಗಿ ಜಾಲರಿಯ ಮೇಲೆ ಬಿದ್ದು ಕೆಳಗಿನ ಗಾಳಿಯನ್ನು ಕಟ್ಟಿಹಾಕಿದವು. ಮನೆ ತುಂಬ ಹಳದಿ ಹೊಗೆ. ಕಿಟಕಿ ಬಾಗಿಲು ಎಲ್ಲ ತೆರೆದು, ಉರಿಯುತ್ತಿದ್ದದ್ದನ್ನು ಬಕೆಟ್ಟಿಗೆ ಎಳೆದು ಹೊರಗೆ ಹಾಕಿದೆ. ಅಷ್ಟು ಹೊತ್ತಿಗೆ ಅವರ ಕಾರು ಬಂತು.

ಮಗಳು ಒಳಗೆ ಕಾಲಿಟ್ಟು ಮೂಗು ಮುಚ್ಚಿಕೊಂಡಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಯಾವುದೋ ಪ್ರಾಣಿ ಕಕ್ಕಸು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳ ತಾಯಿ ನನ್ನ ಕಪ್ಪು ಕೈ ನೋಡಿದಳು, ತೆರೆದ ಕಿಟಕಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಮಗಳ ಜಾಕೆಟ್ಟಿನ ಗುಂಡಿ ಹಾಕಿ, ಇವತ್ತು ಬೇಡ ಎಂದಷ್ಟೇ ಹೇಳಿ, ಮಗುವನ್ನು ಕರೆದುಕೊಂಡು ಹೊರಟೇಹೋದಳು. ಅವತ್ತು ಇಡೀ ದಿನ ನಾನು ಯಾರೊಂದಿಗೂ ಒಂದು ಮಾತು ಆಡಲಿಲ್ಲ. ಆಡುವುದಕ್ಕೆ ಯಾರೂ ಇರಲಿಲ್ಲ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ನಾನು. ಆದರೆ ಆ ಸಲ ಮೀಸೆ ಮಾತ್ರವಲ್ಲ, ಮೈಯೆಲ್ಲ ಮಣ್ಣಾಗಿತ್ತು. ಭಾನುವಾರವೇ ಮೇವಿನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಲದ್ದಿಯನ್ನೂ ಬಿಡದೆ. ಮುದುಕ ನಗಲಿಲ್ಲ. ಬೆಂಕಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದ. ಮಗು ಮಲಗಿ ಏಳುವವರೆಗೆ ಎಂದೆ. ಹಾಗಾದರೆ ಚೀಲದ ಬೆಲೆ ನೋಡಬೇಡ, ಒಂದು ಚೀಲ ಎಷ್ಟು ಹೊತ್ತು ಶಾಖ ಕೊಡುತ್ತದೆ ಅದನ್ನು ನೋಡು ಎಂದ. ಅರ್ಧ ಹೊಗೆಯಾಗಿ ಹೋಗುವ ಇದ್ದಲು ಪುಕ್ಕಟೆ ಸಿಕ್ಕರೂ ದುಬಾರಿಯೇ.

ಆಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತೋರಿಸಿದ. ಕೈಗೆ ಮಸಿ ಹತ್ತದ್ದೇ ಒಳ್ಳೆಯದರ ಗುರುತಂತೆ. ನನ್ನ ಒಲೆ ಚಿಕ್ಕದು, ಅದಕ್ಕೆ ಅಡಕೆ ಗಾತ್ರಕ್ಕಿಂತ ತುಸು ದೊಡ್ಡ ತುಂಡು ಸಾಕು, ಮೊಟ್ಟೆ ಗಾತ್ರದ್ದು ಹಾಕಿದರೆ ಹೊತ್ತಿಕೊಳ್ಳುವುದಿಲ್ಲ. ಚೀಲವನ್ನು ಅಲ್ಲಾಡಿಸಿ ತಳ ಮುಟ್ಟಿ ನೋಡಬೇಕು. ತಳದಲ್ಲಿ ಪುಡಿ ಕೂತಿದ್ದರೆ ಆ ಚೀಲ ಬಿಡು, ಎಷ್ಟೇ ಇಳಿಸಿ ಕೊಟ್ಟರೂ ಬಿಡು. ಒಲೆಗೆ ಮೊದಲು ಸೌದೆ, ಸೌದೆ ಕೆಂಡವಾದ ಮೇಲೆ ತೆಳ್ಳಗೆ ಇದ್ದಲು, ಅದರ ಮೇಲೆ ನೀಲಿ ಉರಿ ಕುಣಿದ ಮೇಲೆ ಉಳಿದದ್ದು. ಮೇಲಿನಿಂದ ಕೆದಕಲೇಬಾರದು. ನಮ್ಮಪ್ಪ ಕೆದಕಿ ಕೆದಕಿಯೇ ಜೀವನ ಸವೆಸಿದವನು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಅಪ್ಪನ ಇಂಜಿನ್ನಿನ ಇದ್ದಲು, ಇದು ಬೇರೆ. ಇಷ್ಟು ತಿಳಿಯಲು ನನಗೆ ಒಂದು ಶನಿವಾರ ಹೋಯಿತು.

ಗಟ್ಟಿ ಇದ್ದಲು ತಂದ ಮೊದಲ ಎರಡು ದಿನ ಬೆಂಕಿ ನಡುವೆಯೇ ಆರಿತು. ಮೂರನೇ ದಿನ ಬೆಳಿಗ್ಗೆ ಎದ್ದಾಗ ಕೋಣೆ ಬೆಚ್ಚಗಿತ್ತು, ಒಲೆಯೊಳಗೆ ಇನ್ನೂ ಕೆಂಪು ಇತ್ತು. ಬರಿಗಾಲಲ್ಲಿ ನೆಲದ ಮೇಲೆ ನಿಂತು ನೋಡಿದೆ. ಅವಳ ತಾಯಿಗೆ ಫೋನ್ ಮಾಡಿ, ಬಂದು ನೋಡಿ ಎಂದೆ. ಬಂದಳು. ಬಾಗಿಲಲ್ಲಿ ನಿಂತು ಕೋಟು ತೆಗೆದು ಕುರ್ಚಿಯ ಮೇಲಿಟ್ಟಳು. ಕೂತು, ಮಗಳ ಗಣಿತದ ಟೀಚರ್ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ಎದ್ದು ಹೋಗುವಾಗ, "ಬೆಚ್ಚಗಿದೆ. ಕಳಿಸ್ತೀನಿ," ಎಂದಳು. ನಾವಿಬ್ಬರೂ ಹಾಗೆ ಕೂತು ಮಾತಾಡಿ ಎರಡು ವರ್ಷವಾಗಿತ್ತು.

ಮಗಳು ಬಂದು ಉಳಿದಳು. ಆ ಶನಿವಾರ, ಮುಂದಿನ ಶನಿವಾರ, ಅದರ ಮುಂದಿನದೂ. ಬಂದ ಕೂಡಲೇ ಜಾಕೆಟ್ ಬಿಸಾಡಿ ಒಲೆಯ ಹತ್ತಿರ ಕಾಲು ಚಾಚಿ ಕೂತುಬಿಡುತ್ತಿದ್ದಳು. ಭಾನುವಾರ ದೋಸೆ ತಿನ್ನುತ್ತಿದ್ದಳು. ಸಂಜೆ ಕಾರು ಬಂದು ಅವಳನ್ನು ಕರೆದೊಯ್ದ ಮೇಲೆ ನಾನು ಒಲೆಗೆ ಇದ್ದಲು ಹಾಕುವುದನ್ನು ನಿಲ್ಲಿಸುತ್ತಿದ್ದೆ. ಬೆಂಕಿ ತಾನಾಗಿ ಆರುತ್ತಿತ್ತು. ಸೋಮವಾರ ಬೂದಿ ತೆಗೆದು ಒಲೆ ಒರೆಸಿ, ಮತ್ತೆ ಎರಡು ಸ್ವೆಟರು, ಮತ್ತೆ ಮಂಕಿ ಟೋಪಿ. ಜಿಪುಣತನ ಎನ್ನಬಹುದು, ಇದ್ದಲು ಉಳಿಸಬೇಕೆಂಬುದೂ ಇತ್ತು. ನಿಜ ಹೇಳಬೇಕೆಂದರೆ ನನಗೊಬ್ಬನಿಗೆ ಬೆಂಕಿ ಹಚ್ಚಿಕೊಳ್ಳಲು ಮನಸ್ಸೇ ಬರುತ್ತಿರಲಿಲ್ಲ.

ಜನವರಿಯ ಒಂದು ಬುಧವಾರ ನನಗೆ ಜ್ವರ, ಆಫೀಸಿಗೆ ಹೋಗಿರಲಿಲ್ಲ. ಮಗಳಿಗೆ ಶಾಲೆ ಅರ್ಧ ದಿನ. ತಾಯಿಗೆ ಮೀಟಿಂಗು. ಫೋನ್ ಮಾಡಿ, ಬಿಟ್ಟುಹೋಗುತ್ತೇನೆ ಎಂದಳು. ನಾನು ಎದ್ದು ಸೌದೆ ಜೋಡಿಸುವಷ್ಟರಲ್ಲಿ ಮಗಳು ಒಳಗೇ ಬಂದಿದ್ದಳು. ಅಭ್ಯಾಸದಂತೆ ಜಾಕೆಟ್ ತೆಗೆದು ಒಲೆಗೆ ಅಂಗೈ ಹಚ್ಚಿದಳು. ಥಣ್ಣಗಿತ್ತು. ಒಲೆಯ ಬಾಗಿಲು ತೆರೆದು ಒಳಗೆ ನೋಡಿದಳು. ಇದನ್ನು ಯಾವಾಗ ಹಚ್ಚಿದ್ದು ಎಂದಳು. ಭಾನುವಾರ ಎಂದೆ. ಸೋಮವಾರ? ಮಂಗಳವಾರ? ಒಂದೊಂದೇ ದಿನ ಹೇಳಿ ಕೇಳಿದಳು. ನನಗೆ ಜ್ವರ, ಸಿಟ್ಟು ಬೇರೆ. ನನಗೊಬ್ಬನಿಗೆ ಯಾತಕ್ಕೆ ಎಂದು ಗದರಿಬಿಟ್ಟೆ.

ಅವಳು ತೆಗೆದ ಜಾಕೆಟ್ಟನ್ನು ಮತ್ತೆ ಹಾಕಿಕೊಂಡಳು. ನಾನು ಬೆಂಕಿ ಹಚ್ಚಿದೆ, ಕೋಣೆ ಬೆಚ್ಚಗಾಯಿತು, ಆದರೂ ತಾಯಿ ಬರುವವರೆಗೂ ಅವಳು ಅದನ್ನು ತೆಗೆಯಲಿಲ್ಲ. ಹೋದ ಮೇಲೆ ನನಗೆ ಭಯ ಶುರುವಾಯಿತು. ಮನೆಯಲ್ಲಿ ಹೇಳುತ್ತಾಳೆ. ಅಲ್ಲಿ ವಾರವೆಲ್ಲ ಬೆಂಕಿಯೇ ಇರುವುದಿಲ್ಲವಂತೆ, ಆ ಮನುಷ್ಯನಿಗೆ ತನ್ನನ್ನೇ ನೋಡಿಕೊಳ್ಳಲು ಬರುವುದಿಲ್ಲವಂತೆ ಎಂದಾಗುತ್ತದೆ. ಶನಿವಾರ ಹೋಯಿತು ಎಂದುಕೊಂಡೆ.

ಗುರುವಾರ ಸಂಜೆ ಏಳಕ್ಕೆ ಫೋನ್ ಬಂತು. ಅವಳ ತಾಯಿಯೇ, ಶನಿವಾರ ಬೇಡ ಎನ್ನಲು ಎಂದುಕೊಂಡು ಎತ್ತಿದೆ. ತಾಯಿಯಲ್ಲ, ಮಗಳು. ಅವಳಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು. ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿಕೊಂಡು ಕೇಳಿದಳು.

"ಅಪ್ಪ, ನಿಂಗೆ ಬೆಂಕಿ ಹಚ್ಚಿದ್ಯಾ?"

ನನ್ನ ತಲೆಯ ಮೇಲೆ ಮಂಕಿ ಟೋಪಿ ಇತ್ತು. ಹಚ್ಚಿದೀನಿ ಕಂದ ಎಂದೆ. ಬೆಚ್ಚಗಿದ್ಯಾ ಎಂದಳು. ಹೂಂ, ತುಂಬಾ ಬೆಚ್ಚಗಿದೆ ಎಂದೆ. ಸರಿ, ನಾಳೆನೂ ಕೇಳ್ತೀನಿ ಎಂದು ಫೋನ್ ಇಟ್ಟಳು.

ಎಂಟು ವರ್ಷದ ಮಗುವಿಗೆ ಸುಳ್ಳು ಹೇಳಿದ್ದೆ. ಹೊರಗೆ ಹೋಗಿ ಸೌದೆ ತಂದೆ. ಸೌದೆ ಕೆಂಡವಾಗುವವರೆಗೆ ಕಾದು ಇದ್ದಲು ಹಾಕಿದೆ, ಶನಿವಾರಕ್ಕೆ ಹಾಕುತ್ತಿದ್ದಷ್ಟೇ. ಕೋಣೆ ಬೆಚ್ಚಗಾಗಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯೂ ನಾನು ಒಲೆಯ ಮುಂದೆ ಕೂತು ಅತ್ತೆ. ಶನಿವಾರಕ್ಕೆ ಇನ್ನೂ ಎರಡು ದಿನ ಇತ್ತು.