ಅರ್ಧಕ್ಕೆ ನಿಂತ ಸನ್‌ರೂಫ್

ಕಾರಿನ ಸನ್‌ರೂಫ್ ಅರ್ಧಕ್ಕೆ ಸಿಕ್ಕಿಕೊಂಡಾಗಿನಿಂದ ನಮ್ಮ ಭಾವ ಮನುಷ್ಯರ ಮುಖಕ್ಕಿಂತ ಹೆಚ್ಚಾಗಿ ಅದನ್ನೇ ನೋಡಿದ್ದಾರೆ. ರಜೆ ಬಂತೆಂದರೆ ಬಾಯಲ್ಲೊಂದು ಸ್ಕ್ರೂ ಕಚ್ಚಿಕೊಂಡು, ಸೀಟು ಹಿಂದಕ್ಕೆ ಬಾಗಿಸಿ ಸನ್‌ರೂಫಿನಡಿ ಮಲಗಿಬಿಡುತ್ತಾರೆ. ಊಟಕ್ಕೆ ಕರೆದರೆ, "ಇನ್ನೇನು, ಆಗೇ ಹೋಯ್ತು" ಎನ್ನುತ್ತಾರೆ. ಬಿಚ್ಚಿದ್ದನ್ನೆಲ್ಲ ಜೋಡಿಸಿದ ಮೇಲೂ ಬೊಗಸೆ ತುಂಬ ಸ್ಕ್ರೂ ಉಳಿದಿರುತ್ತವೆ, ಮತ್ತೆ ಬಿಚ್ಚುತ್ತಾರೆ. ಮಳೆ ಬಂದರೆ ಕೊಡೆ ಬಿಡಿಸಿಕೊಂಡೇ ಕಾರು ಓಡಿಸಿಯಾರು, ಮೆಕ್ಯಾನಿಕ್‌ನನ್ನು ಮಾತ್ರ ಕರೆಯರು. ಸನ್‌ರೂಫನ್ನು ಎಳೆಯುವ ಕೇಬಲ್ ತುಂಡಾಗಿತ್ತು, ಅದಕ್ಕೆ ಬದಲಾಗಿ ನಾನೇ ಹೊಸದನ್ನು ತಂದುಕೊಟ್ಟೆ. ಪೊಟ್ಟಣ ಬಿಚ್ಚಿಯೂ ನೋಡದೆ ಸೀಟಿನಡಿ ತಳ್ಳಿದರು. ರೇಗಿಹೋಗಿ, ಹಾಸಿಗೆ ಹಿಡಿದಿರುವ ಅಕ್ಕನ ಬಳಿ ದೂರು ಹೇಳಿದೆ. ಅಕ್ಕ ಸೂರಿನಿಂದ ಕಣ್ಣು ಕೀಳದೆ ಹೇಳಿದಳು: "ಬಿಡೋ. ನನ್ನ ವಿಷಯದಲ್ಲಿ ಡಾಕ್ಟ್ರು ಕೈಚೆಲ್ಲಿದ್ದಾರೆ. ಆ ಕಾರು ಸರಿಹೋದ್ರೆ ನಿಮ್ಮ ಭಾವ ಒಳಗೆ ಬಂದು ನನ್ನ ಮುಖ ನೋಡ್ಬೇಕಲ್ಲ."