ಪರದೆಯ ಹಿಂದೆ ಕೂತು ಕೊಟ್ಟ ತೀರ್ಪು

ಅಜ್ಜಂಪುರದ ಸ್ಟೇಷನ್ನಿನಾಚೆಯ ಬಯಲಿಗೆ ಸಿನಿಮಾ ಡೇರೆ ಬಂದಾಗ ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಹಾರಾಜರ ಕಾಲ, ಚಿತ್ರಗಳಿಗೆ ಮಾತು ಬಂದಿರಲಿಲ್ಲ. ತರೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಪಾಸು ಮಾಡಿದ ಸೊಸೆ ಅಂತ ನಮ್ಮತ್ತೆ ಊರೆಲ್ಲ ಸಾರಿಕೊಂಡು ಬಂದಿದ್ದರು. ನನಗೂ ಜಂಬಕ್ಕೆ ಕಡಿಮೆ ಇರಲಿಲ್ಲ. ಆ ಜಂಬದಿಂದಲೇ ಪಕ್ಕದ ಮನೆಯ ಹೆಂಗಸು ತನ್ನ ಒಂದು ಸಾಲು ತೆಂಗಿನ ಮರ ಕಳೆದುಕೊಳ್ಳುವ ಹಂತಕ್ಕೆ ಬಂದಳು.

ಆಕೆ ಗಂಡ ಸತ್ತವಳು. ಅವಳ ತೋಟಕ್ಕೂ ಮೈದುನನ ತೋಟಕ್ಕೂ ನಡುವೆ ಒಂದು ಎಲ್ಲೆ ಕಲ್ಲು. ಒಂದು ಬೆಳಗ್ಗೆ ಮೈದುನ ಆ ಕಲ್ಲನ್ನು ಕಿತ್ತು ಅವಳ ಕಡೆಗೆ ಒಂದು ಸಾಲು ಒತ್ತಿ ನೆಟ್ಟದ್ದನ್ನು ನಮ್ಮತ್ತೆ ಒಬ್ಬರೇ ಕಂಡಿದ್ದರು. ಸೋಮವಾರ ಪಟೇಲರ ಚಾವಡಿಯಲ್ಲಿ ಸಾಕ್ಷಿ ಹೇಳುವುದಿತ್ತು. ಅದಕ್ಕೆ ಮೂರು ದಿನ ಮುಂಚೆ, ಹೊತ್ತು ಮುಳುಗುತ್ತಲೂ ನಾವೆಲ್ಲ ಗಾಡಿ ಕಟ್ಟಿಸಿಕೊಂಡು ಸಿನಿಮಾಕ್ಕೆ ಹೋದೆವು.

ಡೇರೆಯ ನಡುವೆ ಬಿಳಿ ಪರದೆ. ಅದರ ಮುಂದೆ ಗಂಡಸರು, ಹಿಂದೆ ನಾವು ಹೆಂಗಸರು. ಬೆಳಕು ಹಾದು ನಮ್ಮ ಕಡೆಗೂ ಚಿತ್ರ ಮೂಡಲಿ ಅಂತ ಇಬ್ಬರು ಆಳುಗಳು ಪರದೆಗೆ ನೀರೆರಚಿ ತೊಯ್ಯಿಸಿದರು. ಎಲ್ಲ ಡೇರೆಗಳಲ್ಲೂ ಹೀಗೇ ಇರುತ್ತದೆ ಅಂದುಕೊಂಡು ಕಾಲು ಚಾಚಿ ಕೂತೆವು.

ಕಥೆ ಒಬ್ಬ ಸಾಹುಕಾರನ ಕೊಲೆಯದು. ಅಪವಾದ ಅವನ ಅಣ್ಣನ ಮಗನ ಮೇಲೆ. ಗಂಡಸರ ಕಡೆ ನಿಂತು ಕಥೆ ಹೇಳುತ್ತಿದ್ದವನು, "ಚೂರಿ ಹಾಕಿದವನು ಎಡಚ ಅಂತ ಡಾಕ್ಟರು ಹೇಳಿದರು!" ಎಂದು ಕಿರುಚಿದ್ದು ನಮಗೂ ಕೇಳಿಸಿತು. ಕೋರ್ಟಿನಲ್ಲಿ ವಕೀಲ ಇದ್ದಕ್ಕಿದ್ದಂತೆ ಒಂದು ನಿಂಬೆಹಣ್ಣನ್ನು ಆ ಹುಡುಗನ ಕಡೆಗೆ ಎಸೆದ. ಹುಡುಗ ತಟ್ಟನೆ ಹಿಡಿದ. ಎಡಗೈಯಲ್ಲಿ! ನಾವು ಅಷ್ಟೂ ಜನ ಕಣ್ಣಾರೆ ಕಂಡೆವು. ಆದರೂ ಜಡ್ಜಿ ಅವನನ್ನು ಬಿಟ್ಟುಬಿಟ್ಟ.

ಕೊನೆಗೆ ಪರದೆಯ ತುಂಬ ಅಕ್ಷರ ಬಂದವು. ಆಚೆ ಕಡೆ ಸಿಳ್ಳೆಯೋ ಸಿಳ್ಳೆ. ಕಥೆ ಹೇಳುವವನ ದನಿ ಮುಳುಗಿಹೋಯಿತು. "ಏನು ಬರ್ದೈತೆ ಓದೇ," ಎಂದರು ಅತ್ತೆ. ಸುತ್ತಲಿನ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಎಷ್ಟು ದಿಟ್ಟಿಸಿದರೂ ಒಂದಕ್ಷರ ಹತ್ತಲಿಲ್ಲ. ಗೊತ್ತಾಗಲಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. "ಕೊಲೆ ಮಾಡಿದವನು ತಪ್ಪಿಸಿಕೊಂಡ, ದೇವರು ನೋಡಿಕೊಳ್ಳಲಿ ಅಂತ ಬರೆದಿದೆ," ಎಂದುಬಿಟ್ಟೆ.

ಮಾರನೆಯ ದಿನ ಊರಲ್ಲಿ ಇದೇ ಜಗಳ. ಹುಡುಗ ನಿರಪರಾಧಿ, ಬಲಗೈಯಲ್ಲಿ ಹಿಡಿದ ಅಂತ ಗಂಡಸರು. ಜಡ್ಜಿ ಲಂಚ ತಿಂದ ಅಂತ ಬಾವಿಕಟ್ಟೆಯ ಹೆಂಗಸರು. "ನನ್ನ ಸೊಸೆ ಓದಿ ಹೇಳವ್ಳೆ ಕಣ್ರೀ!" ಎಂದು ಅತ್ತೆ ನನ್ನನ್ನು ಮುಂದೆ ತಳ್ಳುತ್ತಿದ್ದರು. ನಾನು ನೆಲ ನೋಡುತ್ತ ಕೊಡ ಎತ್ತಿಕೊಂಡು ನಡೆಯುತ್ತಿದ್ದೆ. ಒಂದೇ ಡೇರೆ, ಒಂದೇ ಆಟ, ಕೈ ಮಾತ್ರ ಬೇರೆಬೇರೆ ಹೇಗೆ? ಅದೇ ತಲೆ ಕೊರೆಯುತ್ತಿತ್ತು.

ಇದನ್ನೇ ಪಕ್ಕದ ಮನೆಯವಳ ಮೈದುನ ಹಿಡಿದುಕೊಂಡ. "ಎಡ ಯಾವ್ದು ಬಲ ಯಾವ್ದು ಗೊತ್ತಿಲ್ದಿರೋ ಮುದುಕಿ, ಕಲ್ಲು ಈ ಕಡೀಕೆ ಬಂತು ಅಂತ ಸಾಕ್ಷಿ ಹೇಳ್ತಾಳಂತೆ!" ಊರೆಲ್ಲ ನಗು. ಪಕ್ಕದ ಮನೆಯವಳು ನಮ್ಮ ಜಗುಲಿಗೆ ಬಂದು ಕೂತು, "ನನ್ನ ಮರ ಹೋದಂಗೇ ಕಣವ್ವಾ," ಎಂದು ಅತ್ತಳು.

ಸೋಮವಾರ ಬೆಳಗ್ಗೆ ಮಾವನವರ ಹೊಸ ಪಂಚೆ ಒಗೆದು ಹಗ್ಗದ ಮೇಲೆ ಹರವಿದೆ. ಗಿರಣಿಯವರು ಒತ್ತಿದ್ದ ನೀಲಿ ಅಕ್ಷರದ ಮುದ್ರೆ ಇನ್ನೂ ಹೋಗಿರಲಿಲ್ಲ. ಹಿಂದಿನಿಂದ ನೋಡಿದರೆ ಒದ್ದೆ ಬಟ್ಟೆಯೊಳಗಿಂದ ಅದು ಕಾಣುತ್ತಿತ್ತು. ಡೇರೆಯಲ್ಲಿ ಕಂಡದ್ದು ಇಂಥವೇ ಅಕ್ಷರ! ಹಗ್ಗದ ಕೆಳಗೆ ನುಸುಳಿ ಈ ಕಡೆ ಬಂದೆ; ಸಲೀಸಾಗಿ ಓದಿದೆ. ಮತ್ತೆ ಆ ಕಡೆ ಹೋದೆ, ಓದಲಾಗಲಿಲ್ಲ. ಹುಚ್ಚು ಹಿಡಿದವಳಂತೆ ನಾಲ್ಕು ಸಲ ಆಚೆ ಈಚೆ ಓಡಾಡಿದೆ. ಅಯ್ಯೋ, ನಾವು ಕೂತದ್ದೇ ಬೆನ್ನ ಕಡೆ! ಅದಕ್ಕೇ ಆ ಚಿತ್ರದ ಹೆಂಗಸರೆಲ್ಲ ಬಲ ಹೆಗಲ ಮೇಲೆ ಸೆರಗು ಹೊದ್ದಂತೆ ಕಂಡದ್ದು. ಅದು ಆ ಸೀಮೆಯ ಪದ್ಧತಿ ಇರಬೇಕು ಅಂತ ಅತ್ತೆ ಅಂದಿದ್ದರು.

ಆದರೆ ಇದನ್ನು ಹೇಳಬೇಕಾದರೆ ನನ್ನ ಸುಳ್ಳನ್ನೂ ಹೇಳಬೇಕಿತ್ತು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಆಮೇಲೆ ಪಕ್ಕದ ಮನೆಯವಳ ಅಳು ನೆನಪಾಯಿತು. ಪಂಚೆಯನ್ನು ಒದ್ದೆಯಲ್ಲೇ ಸುತ್ತಿಕೊಂಡು ಚಾವಡಿಗೆ ನಡೆದೆ.

ಅಲ್ಲಿ ಆಗಲೇ ಅತ್ತೆಯನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ನಾನು ಪಂಚೆಯ ಒಂದು ತುದಿಯನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಇನ್ನೊಂದನ್ನು ನಾನು ಹಿಡಿದು ಬಿಚ್ಚಿದೆ. "ಶಾನುಭೋಗರು ಹಿಂದಿನಿಂದ ಇದನ್ನು ಓದಲಿ," ಎಂದೆ. ಊರಿನ ಲೆಕ್ಕಪತ್ರವನ್ನೆಲ್ಲ ಬರೆಯುವ ಶಾನುಭೋಗರು ಕನ್ನಡಕ ಏರಿಸಿದರು, ಇಳಿಸಿದರು, ಆಮೇಲೆ ಓದಲಾಗದೆ ತಲೆಯಾಡಿಸಿದರು. "ಡೇರೆಯಲ್ಲಿ ನಮ್ಮನ್ನು ಕೂರಿಸಿದ್ದು ಆ ಕಡೆ," ಎಂದೆ ನಾನು. " ಅಲ್ಲಿಂದ ಬಲಗೈ ಎಡಗೈಯಾಗಿ ಕಾಣುತ್ತದೆ. ಅತ್ತೆ ಕಂಡದ್ದನ್ನೇ ಹೇಳಿದ್ದಾರೆ. ಅಕ್ಷರ ಓದಿದೆ ಅಂತ ಸುಳ್ಳು ಹೇಳಿದವಳು ನಾನು."

ಪಟೇಲರು ಹುಬ್ಬು ಗಂಟಿಕ್ಕಿ, "ಅವತ್ತು ಸುಳ್ಳು ಹೇಳ್ದೋಳು, ಇವತ್ತು ನಿನ್ನ ಹೆಂಗವ್ವಾ ನಂಬೋದು?" ಎಂದರು.

"ನನ್ನನ್ನು ನಂಬಬೇಡಿ. ಬಟ್ಟೆ ನೋಡಿ."

ಅವರು ಎದ್ದು ಬಂದು ಪಂಚೆಯ ಹಿಂದೆ ನಿಂತರು, ಮುಂದೆ ನಿಂತರು. ಮೀಸೆಯಲ್ಲೇ ನಕ್ಕು ಅತ್ತೆಯ ಕಡೆ ತಿರುಗಿದರು. "ಕಲ್ಲು ಮೊದ್ಲು ಎಲ್ಲಿತ್ತು, ಬಂದು ತೋರ್ಸಮ್ಮಾ."

ನಮ್ಮ ಕಡೆ ಎಲ್ಲೆ ಕಲ್ಲು ನೆಡುವಾಗ ಗುಂಡಿಯ ತಳಕ್ಕೆ ಇದ್ದಿಲು ಸುರಿಯುತ್ತಾರೆ. ಕಲ್ಲು ಹೋದರೂ ಇದ್ದಿಲು ಕರಗದು. ಮೈದುನ ಹೊಸ ಗುಂಡಿಗೂ ಎರಡು ಹಿಡಿ ಹಾಕಿದ್ದ, ಕಿಲಾಡಿ. ಹಳೆಯದನ್ನು ಸಮ ಮಾಡಿ ಉತ್ತುಬಿಟ್ಟಿದ್ದ. ಅತ್ತೆ ಉತ್ತ ಮಣ್ಣಿನ ಮೇಲೆ ನಡೆದು, ನಿಂತು, ಕಾಲ ಹೆಬ್ಬೆರಳಿಂದ ಒಂದು ಜಾಗ ಒತ್ತಿದರು. ಮೊಳ ಅಗೆಯುವಷ್ಟರಲ್ಲಿ ಹಾರೆಯ ತುದಿ ಕಪ್ಪಾಯಿತು. ಮಣ್ಣು ಕಚ್ಚಿಕೊಂಡ ಹಳೆಯ ಇದ್ದಿಲು. ಮೈದುನ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಪಕ್ಕದ ಮನೆಯವಳು ಅಲ್ಲೇ ತನ್ನ ಮರಕ್ಕೆ ಒರಗಿ ಕೂತುಬಿಟ್ಟಳು.

ಅತ್ತೆ, ನಾನು ಮನೆಗೆ ಬಂದೆವು. ಹಿತ್ತಲಲ್ಲಿ ಪಂಚೆಯನ್ನು ಮತ್ತೆ ಹಗ್ಗಕ್ಕೆ ಹಾಕುವಾಗ ನಾನೇ, "ತಪ್ಪಾಯ್ತು. ನಿಮ್ಮ ಮಾನ ಕಳೆದೆ," ಎಂದೆ.

"ಓದಕ್ ಬರ್ಲಿಲ್ಲ ಅಂತ ನಂಗ್ಯಾವ ಬೇಜಾರು? ನಂಗೂ ಬರಲ್ಲ," ಎಂದರು ಅತ್ತೆ, ಪಂಚೆಯ ಸುಕ್ಕು ಎಳೆಯುತ್ತ. "ಜಡ್ಜಿ ಬಿಟ್ಟಾಗ ನಂಗೂ ಒಂದ್ ಗಳಿಗೆ ಅನುಮಾನ ಬಂದಿತ್ತು ಕಣೇ. ನೀನು ಓದಿದ ಮೇಲೆ ಹೋಯ್ತು. ಆ ಹುಡುಗನ್ನ ಮೂರು ದಿನ ಕೊಲೆಗಾರ ಅಂತ ಊರೆಲ್ಲ ಬೈಕೊಂಡ್ ಬಂದೆ, ನಿನ್ನ ಮಾತು ನಂಬಿ."